ಕೆಟ್ಟಿದೆ, ಜೋಪಾನ

ಆ ಮನೆಯಲ್ಲಿ ಯಾವ ವಸ್ತುವಿಗೂ ನೆಮ್ಮದಿಯಾಗಿ ಕೆಟ್ಟು ಕೂರುವ ಹಕ್ಕು ಇರಲಿಲ್ಲ. ಬಾಗಿಲು ಕಿರ್ ಎಂದರೆ ಸಾಕು, ಮಾವ ಎಣ್ಣೆ ಡಬ್ಬಿ ಹಿಡಿದು ಹಾಜರ್. ಕುರ್ಚಿ ಕುಂಟಿದರೆ ಅದು ಅಂದೇ ತಲೆಕೆಳಗಾಗಿ ನಡುಮನೆಯಲ್ಲಿ ಮಲಗಬೇಕು. ಒಂದು ಕಾಲದಲ್ಲಿ ರೇಡಿಯೋ, ಟೀವಿ, ಟೇಪ್ ರೆಕಾರ್ಡರ್ ರಿಪೇರಿಯ ಅಂಗಡಿ ಇಟ್ಟಿದ್ದವರು ಅವರು. ಅಂಗಡಿ ಮುಚ್ಚಿ ಮಗ ಸೊಸೆಯ ಜೊತೆ ಇರಲು ಬಂದರೂ ಕೈ ಮಾತ್ರ ನಿವೃತ್ತಿಗೆ ಒಪ್ಪಿರಲಿಲ್ಲ. ಒಮ್ಮೆ ಆಸ್ಪತ್ರೆಯಲ್ಲಿದ್ದ ಗೆಳೆಯನನ್ನು ನೋಡಲು ಹೋದವರು, ಮಂಚದ ತಲೆಭಾಗ ಮೇಲೇಳುವುದಿಲ್ಲ ಎಂದು ಗೊತ್ತಾದ ಕೂಡಲೇ ಅದರಡಿಗೆ ತೂರಿಬಿಟ್ಟರು. ಭೇಟಿಯ ಹೊತ್ತು ಮುಗಿಯುವವರೆಗೂ ಗೆಳೆಯನಿಗೆ ಕಂಡದ್ದು ಇವರ ಪಾದಗಳು ಮಾತ್ರ. ಆದರೂ ಗೆಳೆಯ ಎದ್ದು ಕೂತು ಟಾಟಾ ಮಾಡಿದ ಎನ್ನುವುದು ಮಾವನ ಹೆಮ್ಮೆ.

ಸೊಸೆಯ ಕೆಲಸ ಇದಕ್ಕೆ ತದ್ವಿರುದ್ಧ. ಅವಳಿಗೆ ಕೆಟ್ಟ ವಸ್ತುಗಳೇ ಬೇಕು. ಅವಳ ಕಂಪನಿ ತಯಾರಿಸುವುದು ಆಪರೇಟಿಂಗ್ ಸಿಸ್ಟಮ್, ಅಂದರೆ ಕಂಪ್ಯೂಟರಿನ ಒಳಗೆ ಕೂತು ಎಲ್ಲ ಬಿಡಿಭಾಗಗಳಿಂದ ಕೆಲಸ ತೆಗೆಸುವ ಮೇಸ್ತ್ರಿ. ಆ ಮೇಸ್ತ್ರಿ, ಮಾಹಿತಿಯನ್ನೆಲ್ಲ ತುಂಬಿಡುವ ಡಿಸ್ಕಿನೊಡನೆ ಹೇಗೆ ಮಾತಾಡಬೇಕು, ಉತ್ತರ ಬಾರದಿದ್ದರೆ ಎಷ್ಟು ಹೊತ್ತು ಕಾಯಬೇಕು, ಯಾವಾಗ ತಟ್ಟಿ ಎಬ್ಬಿಸಬೇಕು, ಯಾವಾಗ ಕೈಬಿಡಬೇಕು ಎನ್ನುವುದನ್ನು ಬರೆಯುವುದು ಅವಳ ಪಾಲಿಗೆ ಬಂದದ್ದು. ಆಫೀಸಿನಲ್ಲಿ ಅವಳಿಗೆ ಡಿಸ್ಕಮ್ಮ ಎಂದೇ ಹೆಸರು. ಅದು ಅವಳ ಕಿವಿಗೆ ಬಿದ್ದಿಲ್ಲ ಎಂದು ಎಲ್ಲರೂ ನಂಬಿದ್ದರು.

ಪೂರ್ತಿ ಸತ್ತ ಡಿಸ್ಕಿನಿಂದ ಯಾರಿಗೂ ತಲೆನೋವಿಲ್ಲ. ಅದು ಕರೆದರೆ ಓಗೊಡುವುದಿಲ್ಲ, ಮೇಸ್ತ್ರಿ ಅದರ ಹೆಸರು ಹೊಡೆದುಹಾಕಿ ಮುಂದಿನ ಕೆಲಸ ನೋಡುತ್ತಾನೆ. ಪ್ರಾಣ ತಿನ್ನುವುದು ಇನ್ನೊಂದು ಜಾತಿ: ‘ಇದ್ದೇನೆ’ ಎಂದು ಹಾಜರಿ ಹೇಳುತ್ತದೆ, ಒಳಗೆ ಗುಂಯ್ ಎಂದು ತಿರುಗುತ್ತಲೂ ಇರುತ್ತದೆ, ಆದರೆ ಕೇಳಿದ್ದಕ್ಕೆ ತುಟಿ ಬಿಚ್ಚುವುದಿಲ್ಲ. ಮೇಸ್ತ್ರಿ ಈಗ ಬಂದೀತು, ಆಗ ಬಂದೀತು ಎಂದು ಕಾಯುತ್ತಾನೆ. ಅವನು ಕಾದರೆ ಅವನ ಹಿಂದಿರುವ ಪರದೆ ಕಾಯುತ್ತದೆ, ಕೀಲಿಮಣೆ ಕಾಯುತ್ತದೆ, ಪ್ರಿಂಟರ್ ಕಾಯುತ್ತದೆ. ಒಂದು ಡಿಸ್ಕಿನ ಮೌನಕ್ಕೆ ಇಡೀ ಯಂತ್ರ ಮರಗಟ್ಟಿ ನಿಲ್ಲುತ್ತದೆ.

ಒಂದು ಕಣ್ಣಿನ ಆಸ್ಪತ್ರೆಯಲ್ಲಿ ಆದದ್ದು ಇದೇ. ಲಾರಿ ಡ್ರೈವರೊಬ್ಬ ಯಂತ್ರದ ಮುಂದೆ ಗಲ್ಲ ಇಟ್ಟು, ರೆಪ್ಪೆ ಬಡಿಯಬೇಡಿ ಎಂದದ್ದಕ್ಕೆ ಕಣ್ಣರಳಿಸಿ ಕೂತಿದ್ದ. ಪರದೆ ನಿಂತುಹೋಯಿತು. ಚಿತ್ರ ತೆಗೆಯುವಾಕೆ ಗಾಬರಿಯಲ್ಲಿ ಸಹಾಯಕ್ಕೆ ಓಡಿದಳು, ರೆಪ್ಪೆ ಬಡಿಯಬಹುದು ಎಂದು ಅವನಿಗೆ ಹೇಳುವುದನ್ನು ಮರೆತಳು. ವಾಪಸು ಬಂದಾಗ ಅವನ ಕಣ್ಣಲ್ಲಿ ಧಾರಾಕಾರ ನೀರು. ಕೊನೆಗೆ ವೈರು ಕಿತ್ತು ಮತ್ತೆ ಹಾಕಿದರು. ಅಂದು ಬೆಳಿಗ್ಗೆಯಿಂದ ತೆಗೆದ ಚಿತ್ರಗಳೆಲ್ಲ ಮಣ್ಣುಪಾಲು. ಅಂಥದ್ದು ಅಲ್ಲಿ ಮತ್ತೆ ಮತ್ತೆ ಆಗಿ, ಆಸ್ಪತ್ರೆಯವರು ಆ ಡಿಸ್ಕನ್ನು ಕಂಪನಿಗೇ ಕಳಿಸಿಕೊಟ್ಟರು, ಜೊತೆಗೆ ಬೈಗುಳವನ್ನೂ.

ಆ ಡಿಸ್ಕ್ ಕಂಡು ಸೊಸೆ ಕುಣಿದಾಡುವುದೊಂದು ಬಾಕಿ. ಅಲ್ಲಿಯವರೆಗೆ ಅವಳಿಗೆ ಸಿಕ್ಕಿದ್ದವೆಲ್ಲ ಮನಸ್ಸು ಬಂದಾಗ ಕೆಡುವ, ತೋರಿಸಲು ಹೋದಾಗ ಸಂಭಾವಿತರಾಗುವ ಡಿಸ್ಕುಗಳು. ಇದು ಹಾಗಲ್ಲ. ಹಚ್ಚಿಟ್ಟು ಒಂದು ಕಪ್ ಟೀ ಕುಡಿದು ಬರುವಷ್ಟರಲ್ಲಿ ಮೈ ಬಿಸಿಯಾಗಿ ಬಾಯಿ ಕಟ್ಟುತ್ತಿತ್ತು, ಪ್ರತಿ ಸಲ, ತಪ್ಪದೆ. ಇಷ್ಟು ನಿಯತ್ತಾಗಿ ಕೈಕೊಡುವ ಡಿಸ್ಕ್ ಹಣ ಕೊಟ್ಟರೂ ಸಿಗದು. ಅದನ್ನು ಇಟ್ಟುಕೊಂಡು ಅವಳು ತಿಂಗಳುಗಟ್ಟಲೆ ಕೂತು ಹೊಸ ಕ್ರಮ ಬರೆದಳು: ಅರ್ಧ ನಿಮಿಷ ಕಾಯಬೇಕು, ತಟ್ಟಬೇಕು, ಆಗಲೂ ಮಾತಾಡದಿದ್ದರೆ ಅದನ್ನು ಬದಿಗಿಟ್ಟು ಮಿಕ್ಕವರಿಗೆ ದಾರಿ ಬಿಡಬೇಕು.

ಇದಕ್ಕೆ ಅಡ್ಡಗಾಲಾಗಿ ನಿಂತವರು ಅವಳಿಗಿಂತ ಹಿರಿಯರಾದ ಒಬ್ಬ ಸಹೋದ್ಯೋಗಿ. ಏನು ಕೇಳಿದರೂ ‘ಆಮೇಲೆ ನೋಡೋಣ’ ಎನ್ನುವುದರಿಂದ ಅವರಿಗೆ ಆಮೇಲೆ ಸಾಹೇಬರು ಎಂಬ ಬಿರುದು.

“ಡಿಸ್ಕ್ ಕೆಟ್ರೆ ಡಿಸ್ಕ್ ಬದಲಾಯಿಸ್ಲಿ. ಅದಕ್ಕೆ ನಮ್ಮ ಸಿಸ್ಟಮ್ ಯಾಕೆ ಕೆದಕಬೇಕು?” ಎನ್ನುವುದು ಅವರ ವಾದ. “ಚೆನ್ನಾಗಿ ನಡೀತಿರೋದಕ್ಕೆ ಕೈ ಹಾಕಬೇಡಿ. ಮುಂದಿನ ಆವೃತ್ತಿ ಹೋಗಿಬಿಡ್ಲಿ, ಆಮೇಲೆ ನೋಡೋಣ.”

ಇಬ್ಬರ ಜಗ್ಗಾಟ ಕೇಳಿ ಕೇಳಿ ಬೇಸತ್ತ ಮುಖ್ಯಸ್ಥೆ, ಎಲ್ಲರೂ ದೊಡ್ಡ ಮೇಡಂ ಎನ್ನುವವರು, ಒಂದೇ ಮಾತಲ್ಲಿ ಮುಗಿಸಿದರು. “ನನ್ನ ಕಣ್ಣೆದುರಿಗೆ ಡಿಸ್ಕ್ ಸುಮ್ಮನಾಗ್ಬೇಕು, ಕಂಪ್ಯೂಟರ್ ನಡೀತಾ ಇರ್ಬೇಕು. ತೋರಿಸಿದ್ರೆ ಸೇರಿಸ್ತೀನಿ. ಇಲ್ಲಾಂದ್ರೆ ಈ ಸಲ ಇಲ್ಲ.” ಈ ಸಲ ಇಲ್ಲ ಎಂದರೆ ಇನ್ನೊಂದು ವರ್ಷ ಇಲ್ಲ. ಇನ್ನೊಂದು ವರ್ಷ ಎಷ್ಟೋ ಜನ ರೆಪ್ಪೆ ಬಡಿಯದೆ ಕೂರಬೇಕು. ಸೊಸೆಗೆ ತನ್ನ ತಿಂಗಳುಗಳ ದುಡಿಮೆ ನೀರಲ್ಲಿ ಹೋಮವಾಗುವ ಚಿಂತೆಯೂ ಇತ್ತು. ಇರಲಿಲ್ಲ ಎಂದರೆ ಸುಳ್ಳಾಗುತ್ತದೆ.

ತೋರಿಸುವ ದಿನ ಹತ್ತಿರ ಬಂದಾಗಲೇ ಪ್ರಯೋಗಾಲಯಕ್ಕೆ ಸುಣ್ಣಬಣ್ಣದ ಕೆಲಸ ಶುರುವಾಯಿತು. ಬಣ್ಣದವರ ಕೈಗೆ ಸಿಕ್ಕೀತೆಂದು ಅವಳು ಡಿಸ್ಕನ್ನು ಮನೆಗೆ ತಂದಳು. ಮೆತ್ತನೆ ಬಟ್ಟೆಯಲ್ಲಿ ಸುತ್ತಿ, ಅದರ ಮೇಲೆ ‘ಕೆಟ್ಟಿದೆ, ಜೋಪಾನ’ ಎಂದು ದಪ್ಪಕ್ಷರದಲ್ಲಿ ಚೀಟಿ ಅಂಟಿಸಿ, ಪುಸ್ತಕದ ಕಪಾಟಿನಲ್ಲಿಟ್ಟಳು. ಯಾರ ಮನೆಯಲ್ಲಿ ಎಂಥ ಚೀಟಿ ಅಂಟಿಸುತ್ತಿದ್ದೇನೆ ಎಂಬ ಯೋಚನೆ ಅಷ್ಟು ಓದಿದವಳ ತಲೆಗೆ ಹೊಳೆಯಲೇ ಇಲ್ಲ.

ಮರುದಿನ ಅವಳು ಸಂಜೆ ಬರುವುದನ್ನೇ ಮಾವ ಕಾಯುತ್ತಿದ್ದರು. ಕೈ ಹಿಂದೆ ಕಟ್ಟಿಕೊಂಡು ಹಜಾರದಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದ ರೀತಿಯಲ್ಲೇ ಏನೋ ಘನಕಾರ್ಯ ಆಗಿದೆ ಎಂದು ಗೊತ್ತಾಗುವಂತಿತ್ತು. ಮಗ ಮಾತ್ರ ಹೆಂಡತಿಗೆ ಕಣ್ಣಲ್ಲೇ ಸನ್ನೆ ಮಾಡಿ ಅಡಿಗೆಮನೆಗೆ ಜಾರಿಕೊಂಡ.

“ಅಮ್ಮಾ, ನಿನ್ನ ಡಬ್ಬಿ ನೋಡು ಒಂದ್ಸಲ,” ಎಂದರು ಮಾವ.

“ಯಾವ ಡಬ್ಬಿ ಮಾವ?”

“ಅದೇ, ಕೆಟ್ಟಿದೆ ಅಂತ ಬರ್ದಿದ್ಯಲ್ಲ. ಪಾಪ, ಬಾಯಿಬಿಟ್ಟು ಹೇಳಕ್ಕೆ ಸಂಕೋಚ ಪಟ್ಕೊಂಡು ಚೀಟಿ ಅಂಟಿಸಿದ್ದೀಯ. ನನಗೆ ಹೇಳಿದ್ರೆ ಆಗ್ತಿರ್ಲಿಲ್ವಾ?”

ಸೊಸೆ ಕಪಾಟಿಗೆ ಓಡಿದಳು. ಕಪಾಟಿನಲ್ಲಿ ಅದೇ ಬಟ್ಟೆ, ಅದೇ ಗಂಟು. ಚೀಟಿಯಲ್ಲಿ ಮಾತ್ರ ‘ಕೆಟ್ಟಿದೆ’ ಎಂಬುದರ ಮೇಲೆ ನೇರವಾಗಿ ಗೀಟು ಎಳೆದು, ಮೇಲ್ಗಡೆ ಮಾವನ ದುಂಡು ಅಕ್ಷರದಲ್ಲಿ ‘ಸರಿಯಾಗಿದೆ’ ಎಂದು ಬರೆದಿತ್ತು. ಜೋಪಾನವನ್ನು ಹಾಗೇ ಬಿಟ್ಟಿದ್ದರು.

“ಒಂದು ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕು,” ಮಾವ ವಿವರಿಸುತ್ತಲೇ ಇದ್ದರು. “ಮೈ ಬಿಸಿಯಾದ್ರೆ ಬಿರುಕು ಬಾಯಿಬಿಡ್ತಿತ್ತು. ಬೆಸುಗೆ ಕಡ್ಡಿ ಕಾಯಿಸಿ ಮುಟ್ಟಿಸಿದೆ, ಮುಗೀತು. ಇನ್ನು ಇಪ್ಪತ್ತು ವರ್ಷ ಮಾತಾಡಲ್ಲ ಅದು!” ತಪ್ಪಾಯಿತೆಂದು ನಾಲಿಗೆ ಕಚ್ಚಿಕೊಂಡು ತಿದ್ದಿದರು. “ಮಾತಾಡುತ್ತೆ ಅಂದೆ.”

ಅವಳು ಸೋಫಾದ ಅಂಚಿನಲ್ಲಿ ಕುಸಿದಳು. ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಎದುರಿಗೆ ನಿಂತ ಮುದುಕರ ಮುಖ ಬಹುಮಾನಕ್ಕೆ ಕಾದ ಮಗುವಿನಂತಿತ್ತು, ಆ ಮುಖಕ್ಕೆ ರೇಗಲು ಅವಳಿಗೆ ಬಾಯಿ ಬರಲಿಲ್ಲ.

“ತುಂಬಾ ಚೆನ್ನಾಗಿ ಮಾಡಿದ್ದೀರಿ ಮಾವ,” ಎಂದಳು. “ಆದ್ರೆ ಅದು ಕೆಟ್ಟೇ ಇರ್ಬೇಕಿತ್ತು.”

ಇದನ್ನು ಅರ್ಥ ಮಾಡಿಸಲು ಆ ರಾತ್ರಿಯ ಊಟವೆಲ್ಲ ಹಿಡಿಯಿತು. ಕೆಟ್ಟದ್ದನ್ನು ಕೆಟ್ಟದ್ದಾಗಿಯೇ ಕಾಪಾಡುವ ಉದ್ಯೋಗವೊಂದು ಲೋಕದಲ್ಲಿದೆ, ಅದಕ್ಕೆ ಸಂಬಳವೂ ಇದೆ ಎಂಬುದು ಮಾವನಿಗೆ ನುಂಗಲಾಗದ ತುತ್ತು. ಅರ್ಥವಾದ ಮೇಲೆ ಅವರಿಗೆ ಭಾರಿ ನೋವಾಯಿತು. ಮರುದಿನ ಬೆಳಿಗ್ಗೆಯೇ ಕನ್ನಡಕ ಏರಿಸಿ, ಡಿಸ್ಕನ್ನು ಮೊದಲಿನಂತೆ ಕೆಡಿಸಲು ಕೂತರು.

ಅದು ಅವರ ಕೈಲಿ ಸಾಧ್ಯವಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಬೆಸುಗೆಯನ್ನು ಅರ್ಧಮರ್ಧ ಮಾಡಲು ಹೋದರೆ ಕೈ ಅಭ್ಯಾಸಬಲದಿಂದ ಪೂರ್ತಿ ಮಾಡಿಬಿಡುತ್ತಿತ್ತು. ಕಿತ್ತರೆ ಡಿಸ್ಕ್ ಹಾಜರಿಯನ್ನೇ ಹೇಳದೆ ಸತ್ತು ಬಿದ್ದಿರುತ್ತಿತ್ತು. ಸತ್ತ ಡಿಸ್ಕ್ ಯಾರಿಗೆ ಬೇಕು? ಸೊಸೆ ಆಫೀಸಿನಿಂದ ಬರುವ ಹೊತ್ತಿಗೆ ಮಾವ ಕೈಚೆಲ್ಲಿದ್ದರು.

“ಕೆಡಿಸೋ ವಿದ್ಯೆ ನಾನು ಕಲೀಲಿಲ್ಲಮ್ಮ. ಒಂದು ಕೆಲಸ ಮಾಡ್ಲಾ? ಬಿರುಕು ಇದ್ದ ಜಾಗಕ್ಕೇ ಒಂದು ಸ್ವಿಚ್ ಹಾಕಿಕೊಡ್ತೀನಿ. ಆರಿಸಿದ್ರೆ ಬಾಯಿ ಮುಚ್ಚುತ್ತೆ, ಹಾಕಿದ್ರೆ ಬಾಯಿ ಬಿಡುತ್ತೆ.”

“ಅದೂ ಕೆಡಿಸಿದ ಹಾಗೇ ಅಲ್ವಾ ಮಾವ?”

“ಛೆ, ಎಲ್ಲಾದ್ರೂ ಉಂಟೇ? ಆರಿಸಿದ ದೀಪಾನ ಕೆಟ್ಟ ದೀಪ ಅಂತಾರಾ ಯಾರಾದ್ರೂ?”

ಹೀಗೆ ತಮ್ಮ ಧರ್ಮಕ್ಕೆ ಚ್ಯುತಿ ಬಾರದಂತೆ ಅವರು ಹಳೆಯ ಟೇಬಲ್ ಲ್ಯಾಂಪಿನ ಗುಂಡಿಯೊಂದನ್ನು ಕೂದಲಿನಂಥ ತಂತಿಯಿಂದ ಡಿಸ್ಕಿಗೆ ಜೋಡಿಸಿದರು. ಕೆಲಸ ನಾಜೂಕಾಗಿತ್ತು, ಎಷ್ಟು ನಾಜೂಕೆಂದರೆ ಬೇರೆಯವರು ಒತ್ತಿದರೆ ತಂತಿ ಕಿತ್ತುಬರುವ ಭಯ. ಹಾಗಾಗಿ ತೋರಿಸುವ ದಿನ ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಡಿಸ್ಕನ್ನು ಮಡಿಲಲ್ಲಿಟ್ಟುಕೊಂಡು, ಸೊಸೆಯ ಜೊತೆ ಬಸ್ಸು ಹತ್ತಿದರು.

ಸಭೆಯ ಕೋಣೆಯಲ್ಲಿ ಉದ್ದ ಮೇಜು, ಗೋಡೆಗೆ ದೊಡ್ಡ ಪರದೆ. ಪರದೆಯ ಮೇಲೆ, ಕಂಪ್ಯೂಟರಿನದೇ ಇನ್ನೊಂದು ಡಿಸ್ಕಿನಲ್ಲಿದ್ದ ಕಣ್ಣಿನ ಚಿತ್ರಗಳು ಒಂದಾದ ಮೇಲೊಂದು ಬಂದುಹೋಗುತ್ತಿದ್ದವು. ಮೇಜಿನ ತುದಿಯಲ್ಲಿ ಕಂಪ್ಯೂಟರ್, ಪಕ್ಕದಲ್ಲಿ ಡಿಸ್ಕ್, ಅದರ ಪಕ್ಕದಲ್ಲಿ ಗುಂಡಿಯ ಮೇಲೆ ಬೆರಳಿಟ್ಟ ಮಾವ. ದೊಡ್ಡ ಮೇಡಂ ನಮಸ್ಕಾರ ಹೇಳಿದರು. ಆಮೇಲೆ ಸಾಹೇಬರು ಮಾವನನ್ನೂ ಗುಂಡಿಯನ್ನೂ ನೋಡಿ ಹುಬ್ಬೇರಿಸಿದರು.

“ಆರಿಸಿ ಮಾವ,” ಎಂದಳು ಸೊಸೆ. ಮಾವ ಆರಿಸಿದರು. ಡಿಸ್ಕ್ ಮೌನವಾಯಿತು. ಮೇಸ್ತ್ರಿ ಕಾಯತೊಡಗಿದ. ಎಲ್ಲರೂ ಉಸಿರು ಹಿಡಿದರು. ಅಷ್ಟರಲ್ಲಿ ಟಕ್ ಎಂದಿತು. ಮಾವ ಗುಂಡಿ ಒತ್ತಿ ಡಿಸ್ಕಿಗೆ ಬಾಯಿ ಕೊಟ್ಟಿದ್ದರು.

“ಮಾವ, ಇನ್ನೂ ಹೊತ್ತಾಗ್ಬೇಕು.”

“ಗೊತ್ತಮ್ಮ. ಕೈ ತಾನಾಗೇ ಹೋಯ್ತು.”

ಎರಡನೇ ಸಲವೂ ಅದೇ ಕಥೆ. ಅವರು ಸತ್ಯವಾಗಿಯೂ ಪ್ರಯತ್ನ ಪಡುತ್ತಿದ್ದರು: ತುಟಿ ಕಚ್ಚಿದರು, ಚಾವಣಿ ನೋಡಿದರು. ಆದರೆ ಕಣ್ಣೆದುರು ಒಂದು ವಸ್ತು ಕೆಲಸ ಮಾಡದೆ ಕೂತಿರುವಾಗ ಅರ್ಧ ನಿಮಿಷ ತಡೆದುಕೊಳ್ಳುವುದೆಂದರೆ ಅವರಿಗೆ ಮೈಮೇಲೆ ಇರುವೆ ಹರಿದಂತೆ. ಮೇಜಿನ ಸುತ್ತ ನಗು ಎದ್ದಿತು. “ನಮ್ಮ ಸಿಸ್ಟಮ್ಮಿಗಿಂತ ಇವರಿಗೇ ಅವಸರ,” ಎಂದು ಆಮೇಲೆ ಸಾಹೇಬರು ಚಟಾಕಿ ಹಾರಿಸಿದರು. ಮೂರನೇ ಸಲ ಸೊಸೆ, ಮಾವ ಗುಂಡಿ ಆರಿಸುತ್ತಿದ್ದಂತೆಯೇ ಅವರ ಎರಡೂ ಕೈಗೆ ಒಂದು ಟೀ ಕಪ್ಪು ಕೊಟ್ಟು ಹಿಡಿಸಿದಳು.

ಈ ಸಲ ಆಯಿತು. ಅರ್ಧ ನಿಮಿಷ ಕಳೆಯಿತು, ಮೇಸ್ತ್ರಿ ತಟ್ಟಿದ, ಇನ್ನಷ್ಟು ಕಾದ, ‘ಡಿಸ್ಕ್ ಉತ್ತರಿಸುತ್ತಿಲ್ಲ, ಬದಿಗಿಡಲಾಗಿದೆ’ ಎಂದು ಪರದೆಯ ಮೂಲೆಯಲ್ಲಿ ಒಂದು ಸಾಲು ಬರೆದ, ಕಣ್ಣಿನ ಚಿತ್ರಗಳು ಏನೂ ಆಗದಂತೆ ಮುಂದುವರಿದವು. ದೊಡ್ಡ ಮೇಡಂ ಮುಖದಲ್ಲಿ ನಗು ಮೂಡಿತು. ಯಾರೋ ಚಪ್ಪಾಳೆ ತಟ್ಟಿದರು. ಸೊಸೆಗೆ ಹೊತ್ತ ಮೂಟೆ ಇಳಿಸಿದಂತಾಗಿ, ಎಲ್ಲರ ಕಡೆ ತಿರುಗಿ ವಿವರಿಸತೊಡಗಿದಳು.

ಅವಳ ಬೆನ್ನ ಹಿಂದೆ ಮಾವ ಟೀ ಕುಡಿದು ಮುಗಿಸಿದರು. ಕಪ್ಪನ್ನು ಕೆಳಗಿಟ್ಟರು. ಅಷ್ಟು ಜನರ ಸಂಭ್ರಮದಲ್ಲಿ ಬದಿಗೆ ಬಿದ್ದ ಡಿಸ್ಕಿನ ಕಡೆ ಒಬ್ಬರೂ ನೋಡದಿರುವುದು ಅವರಿಗೆ ಸರಿಬರಲಿಲ್ಲ. ಟಕ್.

ಕಣ್ಣಿನ ಚಿತ್ರ ಅರ್ಧಕ್ಕೆ ಕತ್ತರಿಸಿ ನಿಂತಿತು. ಪರದೆ ಒಮ್ಮೆ ನಡುಗಿ ಕಪ್ಪಾಯಿತು. ಇಡೀ ಕಂಪ್ಯೂಟರ್ ಅಂಗಾತ ಬಿದ್ದಿತ್ತು.

ಸೊಸೆ ಗಿರಕ್ಕನೆ ಮಾವನ ಕಡೆ ತಿರುಗಿದಳು. ಅವಳ ದನಿ ಏರಿತು. ಆ ದನಿ ಅವಳಿಗೇ ಅಪರಿಚಿತವಾಗಿತ್ತು.

“ಮಾವ! ಒಂದು ಕಡೆ ಸುಮ್ಮನೆ ಕೂತಿರೋಕೆ ಆಗಲ್ವಾ ನಿಮಗೆ? ಮುಟ್ಟಿದ್ದನ್ನೆಲ್ಲ ಹಾಳು ಮಾಡ್ತೀರಲ್ಲ!”

ಮಾವ ಬೆರಳನ್ನು ಗುಂಡಿಯಿಂದ ತೆಗೆದು, ಎರಡೂ ಕೈ ಮಡಿಲಲ್ಲಿ ಇಟ್ಟುಕೊಂಡರು.

ಅಂದು ಸಂಜೆ ಅವಳು ಒಬ್ಬಳೇ ಕೂತು, ಯಂತ್ರ ಬೀಳುವ ಮೊದಲು ಏನೇನು ಮಾಡಿತ್ತೆಂದು ಹಿಂದಿನಿಂದ ಓದಿದಳು. ತಪ್ಪು ಅವಳದ್ದೇ. ಡಿಸ್ಕನ್ನು ಬದಿಗಿಟ್ಟ ಮೇಲೆ, ಅದರ ಉತ್ತರಕ್ಕೆಂದು ಕಂಪ್ಯೂಟರಿನ ನೆನಪಿನಲ್ಲಿ ಕಾದಿರಿಸಿದ್ದ ಜಾಗವನ್ನು ಅವಳು ಬೇರೆ ಕೆಲಸಕ್ಕೆ ಬಿಟ್ಟುಕೊಟ್ಟಿದ್ದಳು. ಡಿಸ್ಕಿಗೆ ಅದೇನು ಗೊತ್ತು? ಬಾಯಿ ಬಂದ ಕೂಡಲೇ ಹಳೆಯ ಪ್ರಶ್ನೆಯ ಉತ್ತರವನ್ನು ಹಳೆಯ ಜಾಗದಲ್ಲೇ ಸುರಿಯಿತು. ಬಾಡಿಗೆದಾರ ಖಾಲಿ ಮಾಡಿ ಹೋದ ಮನೆಗೆ, ಅವನು ಎಂದೋ ಹೇಳಿದ್ದ ಒಂದು ಲೋಡ್ ಮರಳು ಬಂದು ಹೊಸಬರ ಹಾಸಿಗೆ ಮೇಲೆ ಬಿದ್ದ ಹಾಗೆ. ಇಂದು ಯಂತ್ರ ಬಿದ್ದದ್ದು ಪುಣ್ಯ. ಬೀಳದಿದ್ದರೆ ಒಬ್ಬರ ಕಣ್ಣಿನ ಚಿತ್ರ ಇನ್ನೊಬ್ಬರ ಹೆಸರಿನಡಿ ಸದ್ದಿಲ್ಲದೆ ಕೂತುಬಿಡಬಹುದಿತ್ತು, ವೈದ್ಯರು ಅದನ್ನು ನೋಡಿ ಚಾಕು ಎತ್ತಿಕೊಳ್ಳಬಹುದಿತ್ತು.

ಕೆಟ್ಟ ಡಿಸ್ಕ್ ತಡವಾಗಿ ಉತ್ತರ ಕೊಟ್ಟರೆ ಎಂದು ಅವಳು ಪರೀಕ್ಷಿಸಿಯೇ ಇರಲಿಲ್ಲ. ಅವಳ ಅಚ್ಚುಮೆಚ್ಚಿನ ಡಿಸ್ಕ್ ಒಮ್ಮೆ ಬಾಯಿ ಕಟ್ಟಿದರೆ, ಆರಿಸಿ ತಣಿಸುವವರೆಗೆ ಮತ್ತೆ ತೆರೆದದ್ದಿಲ್ಲ. ತೆರೆಯುವುದಕ್ಕೆ ತಡೆದುಕೊಳ್ಳಲಾಗದ ಮುದುಕರೊಬ್ಬರು ಬೇಕಾಗಿತ್ತು.

ಮರುದಿನವೇ ಅವಳು ಇದನ್ನು ದೊಡ್ಡ ಮೇಡಂಗೆ ಹೇಳಿದಳು, ಆಮೇಲೆ ಸಾಹೇಬರಿಗೂ ಹೇಳಿದಳು, ತಪ್ಪು ತನ್ನದೆಂದು ತಲೆತಗ್ಗಿಸಿದಳು. ಸರಿಪಡಿಸಲು ಸ್ವಲ್ಪ ದಿನದ ಗಡುವು ಸಿಕ್ಕಿತು. ಹೇಳದೆ ಉಳಿದದ್ದು ಒಬ್ಬರಿಗೆ ಮಾತ್ರ, ಆ ಒಬ್ಬರು ದಿನಾ ಬೆಳಿಗ್ಗೆ ಅವಳ ಎದುರಿಗೇ ಕೂತು ಕಾಫಿ ಕುಡಿಯುತ್ತಿದ್ದರು.

ಮನೆಯಲ್ಲಿ ಮಾವ ಬಹಳ ಒಳ್ಳೆಯವರಾಗಿಬಿಟ್ಟಿದ್ದರು. ಕೇಳಿದ್ದಕ್ಕೆ ಹೂಂ, ಬಡಿಸಿದ್ದಕ್ಕೆ ಸಾಕು, ಕೊಟ್ಟದ್ದಕ್ಕೆ ಚೆನ್ನಾಗಿದೆ. ಬಚ್ಚಲಮನೆಯ ನಲ್ಲಿ ತೊಟ್ಟಿಕ್ಕಲು ಶುರುಮಾಡಿತು. ಮಾವ ಅದರ ಪಕ್ಕದಲ್ಲೇ ಮುಖ ತೊಳೆದು, ಟವೆಲು ಹೆಗಲಿಗೆ ಹಾಕಿಕೊಂಡು ಹೊರಬಂದರು. ಮಲಗುವ ಕೋಣೆಯ ಫ್ಯಾನು ಗೊಣಗತೊಡಗಿತು. ಮಾವ ಪತ್ರಿಕೆ ಓದಿದರು.

“ಅಪ್ಪನಿಗೆ ಮೈ ಹುಷಾರಿಲ್ವಾ? ಡಾಕ್ಟರಿಗೆ ತೋರಿಸೋಣ್ವಾ?” ಎಂದ ಮಗ. ನಲ್ಲಿ ತೊಟ್ಟಿಕ್ಕುವುದನ್ನು ಅವನು ಬಾಲ್ಯದಿಂದ ಕೇಳಿದವನೇ ಅಲ್ಲ.

ಸೊಸೆಗೆ ಕಾರಣ ಗೊತ್ತಿತ್ತು. ಹೇಳಬೇಕು ಎಂದು ಬಾಯಿ ತೆರೆಯುತ್ತಿದ್ದಳು, ಮಾವನ ಸೌಜನ್ಯ ಕಂಡು ಮುಚ್ಚುತ್ತಿದ್ದಳು. ಹಿರಿಯರ ಎದುರು ನಿಂತು ತಪ್ಪಾಯಿತು ಎನ್ನುವುದು ಹಾಗೆ ಬಾಯಿಗೆ ಬರುವ ಮಾತಲ್ಲ. ಅದಕ್ಕೆ ಬದಲಾಗಿ ಕಾಫಿಗೆ ಸಕ್ಕರೆ ಒಂದು ಚಮಚ ಹೆಚ್ಚು ಹಾಕಿದಳು, ಅವರ ಅಂಗಿಯನ್ನು ತಾನೇ ಇಸ್ತ್ರಿ ಮಾಡಿದಳು. ಮೊದಲು ಈ ಕೆಲಸ ಮುಗಿಯಲಿ, ಆಮೇಲೆ ಸಮಾಧಾನವಾಗಿ ಕೂತು ಮಾತಾಡೋಣ ಎಂದುಕೊಂಡಳು. ಸಾಹೇಬರ ಗಾಳಿ ಅವಳಿಗೂ ಸೋಕಿತ್ತು, ಅವಳಿಗದು ತಿಳಿಯಲಿಲ್ಲ ಅಷ್ಟೇ.

ಮತ್ತೆ ತೋರಿಸುವ ದಿನ ಬಂತು. ಮಾವ ಬರಲು ತಕರಾರು ಮಾಡಲಿಲ್ಲ. “ಕರೆದ್ರೆ ಬರ್ತೀನಮ್ಮ, ಅದಕ್ಕೇನು,” ಎಂದು ಬಸ್ಸು ಹತ್ತಿದರು. ಈ ಸಲ ಡಿಸ್ಕನ್ನು ಸೊಸೆಯ ಮಡಿಲಲ್ಲೇ ಬಿಟ್ಟರು.

ಕೋಣೆಯಲ್ಲಿ ದೊಡ್ಡ ಮೇಡಂ ಒಂದು ಕಟ್ಟುಪಾಡು ಹಾಕಿದರು. “ಇವರೇ ಗುಂಡಿ ಹಿಡೀಲಿ. ಶುರು ಅಂದಾಗ ಆರಿಸ್ಲಿ. ಮತ್ತೆ ಯಾವಾಗ ಹಾಕ್ಬೇಕು ಅನ್ನೋದು ಅವರಿಗೇ ಬಿಟ್ಟಿದ್ದು. ಯಾರೂ ಹೇಳ್ಕೊಡ್ಬಾರ್ದು, ಮುಖ್ಯವಾಗಿ ನೀವು,” ಎಂದು ಸೊಸೆಯ ಕಡೆ ಬೆರಳು ತೋರಿಸಿದರು. “ಬರೆದೋರು ನೀವು. ಯಾವ ಗಳಿಗೆ ಸುರಕ್ಷಿತ ಅಂತ ನಿಮಗೆ ಗೊತ್ತು. ಅವರಿಗೆ ಗೊತ್ತಿಲ್ಲ. ನನಗೆ ಬೇಕಾಗಿರೋದು ಆ ಗೊತ್ತಿಲ್ಲದಿರೋದೇ.”

ನ್ಯಾಯವಾದ ಮಾತೇ. ಸೊಸೆಗೆ ಸಂತೋಷವೇ ಆಯಿತು. ತಡೆದುಕೊಳ್ಳದಿರುವುದರಲ್ಲಿ ಮಾವನನ್ನು ಮೀರಿಸುವವರುಂಟೇ?

“ಶುರು.” ಮಾವ ಗುಂಡಿ ಆರಿಸಿದರು. ಆರಿಸಿ, ಎರಡೂ ಕೈ ಮಡಿಲಲ್ಲಿ ಇಟ್ಟುಕೊಂಡರು.

ಅರ್ಧ ನಿಮಿಷ ಕಳೆಯಿತು. ಮೇಸ್ತ್ರಿ ತಟ್ಟಿದ, ಕಾದ, ಡಿಸ್ಕನ್ನು ಬದಿಗಿಟ್ಟ. ಕಣ್ಣಿನ ಚಿತ್ರಗಳು ನಡೆಯುತ್ತಲೇ ಇದ್ದವು. ಇನ್ನು ಮಾವ ಒತ್ತಬೇಕು. ಎಲ್ಲರೂ ಮಾವನನ್ನು ನೋಡಿದರು. ಮಾವ ಗೋಡೆಯನ್ನು ನೋಡುತ್ತಿದ್ದರು.

ಇನ್ನಷ್ಟು ಹೊತ್ತು ಹೋಯಿತು. ಯಾರೋ ಕೆಮ್ಮಿದರು. ಚಿತ್ರಗಳು ಒಂದು ಸುತ್ತು ಮುಗಿಸಿ ಮತ್ತೆ ಮೊದಲಿನಿಂದ ಬರತೊಡಗಿದವು. ಆಮೇಲೆ ಸಾಹೇಬರು ಗಡಿಯಾರ ನೋಡಿಕೊಂಡು, “ಇವತ್ತು ಬೇಡ ಅನ್ಸುತ್ತೆ. ಇನ್ನೊಂದಿನ...” ಎಂದು ರಾಗ ಎಳೆದರು. ದೊಡ್ಡ ಮೇಡಂ ಕೈ ಎತ್ತಿ ತಡೆದರು, ಆದರೆ ಅವರ ಪೆನ್ನು ಮೇಜನ್ನು ಕುಟ್ಟಲು ಶುರುವಾಗಿತ್ತು.

ಸೊಸೆಗೆ ಆಗ ಅರ್ಥವಾಯಿತು. ಮಾವನ ಕಣ್ಣು ಗೋಡೆಯ ಮೇಲಿದ್ದರೂ ಬೆರಳುಗಳು ಒಂದನ್ನೊಂದು ಬಿಗಿಯಾಗಿ ಹಿಡಿದಿದ್ದವು. ಸುಮ್ಮನೆ ಕೂತಿರಲು ಆಗುವುದಿಲ್ಲವೇ ಎಂದು ಅವಳೇ ಕೇಳಿದ್ದಳು. ಆಗುತ್ತದೆ ಎಂದು ಅವರು ತೋರಿಸುತ್ತಿದ್ದರು. ಪ್ರಾಣ ಹೋದರೂ ತೋರಿಸುವವರಿದ್ದರು.

ಒತ್ತಿ ಎನ್ನುವಂತಿಲ್ಲ. ಅವಳ ಬಳಿ ಉಳಿದದ್ದು ಇನ್ನೊಂದೇ ಮಾತು. ಅವಳು ಎದ್ದು ಹೋಗಿ ಮಾವನ ಪಕ್ಕದಲ್ಲಿ ನಿಂತಳು.

“ಮಾವ, ಅವತ್ತು ಕೆಟ್ಟಿದ್ದು ನಾನು ಬರೆದಿದ್ದು. ನಿಮ್ಮ ಕೈಯಿಂದ ಏನೂ ಹಾಳಾಗ್ಲಿಲ್ಲ. ನೀವು ಹಾಗೆ ಮಾಡ್ದೇ ಹೋಗಿದ್ರೆ ನನ್ನ ತಪ್ಪು ಆಸ್ಪತ್ರೆವರೆಗೂ ಹೋಗಿಬಿಡ್ತಿತ್ತು, ಯಾರದೋ ಕಣ್ಣು ಹೋಗ್ತಿತ್ತು. ಇವರೆಲ್ಲರ ಎದುರಿಗೆ ಬೈದೆ. ಅದಕ್ಕೆ ಇವರೆಲ್ಲರ ಎದುರಿಗೇ ಹೇಳ್ತೀನಿ. ತಪ್ಪಾಯ್ತು ಮಾವ.”

ಪೆನ್ನು ಕುಟ್ಟುವುದು ನಿಂತಿತು. ಮಾವ ನಿಧಾನವಾಗಿ ಗೋಡೆಯಿಂದ ಕಣ್ಣು ತೆಗೆದರು.

“ನಿನಗೆ ಗೊತ್ತಾಗಿದ್ದು ಯಾವಾಗ?”

“ಅವತ್ತೇ ಸಂಜೆ.”

“ಅವತ್ತೇ ಸಂಜೆ!” ಮಾವನ ದನಿಗೆ ಜೀವ ಬಂತು. “ಅಲ್ಲಮ್ಮ, ಅವತ್ತೇ ಹೇಳೋದಲ್ವಾ? ಬಚ್ಚಲಮನೆ ನಲ್ಲಿ ಇಷ್ಟು ದಿನದಿಂದ ಟಪ್ ಟಪ್ ಅಂತಿದೆ. ಫ್ಯಾನು ಬೇರೆ. ರಾತ್ರಿಯೆಲ್ಲ ಕಣ್ಣು ಮುಚ್ಚಿಲ್ಲ ನಾನು! ಒಬ್ಬ ಮನುಷ್ಯ ಎಷ್ಟೂಂತ ತಡ್ಕೋಬೇಕು?”

ಹೇಳುತ್ತ ಹೇಳುತ್ತಲೇ, ಅವರಿಗೆ ಅರಿವಿಲ್ಲದೆಯೇ ಬೆರಳು ಗುಂಡಿಯ ಮೇಲಿತ್ತು. ಟಕ್.

ಎಲ್ಲರ ಕತ್ತೂ ಪರದೆಯ ಕಡೆ ತಿರುಗಿತು. ಕಣ್ಣಿನ ಚಿತ್ರ ಹೋಯಿತು, ಇನ್ನೊಂದು ಬಂತು, ಅದೂ ಹೋಯಿತು, ಮತ್ತೊಂದು ಬಂತು. ಮೂಲೆಯಲ್ಲಿ ಎರಡು ಸಾಲು ಮೂಡಿದವು: ‘ತಡವಾಗಿ ಬಂದ ಉತ್ತರ, ಬಳಸಿಲ್ಲ.’ ಅದರ ಕೆಳಗೆ, ‘ಡಿಸ್ಕ್ ಸಿಕ್ಕಿದೆ.’

“ಬಳಸಿಲ್ವಾ?” ಮಾವ ಕನ್ನಡಕ ಏರಿಸಿ ಬಗ್ಗಿ ಓದಿದರು. ಅವರಿಗೆ ಡಿಸ್ಕಿನ ಪರವಾಗಿ ಬೇಜಾರಾಯಿತು. “ಪಾಪ, ಅಷ್ಟು ಕಷ್ಟಪಟ್ಟು ತಂದಿದ್ದು.”

“ಮತ್ತೆ ಕೇಳುತ್ತೆ ಮಾವ. ಹೊಸದಾಗಿ ಕೇಳುತ್ತೆ.”

ಮಾವ ಅದನ್ನು ಪರೀಕ್ಷಿಸಿಯೇ ನಂಬುವವರು. ಆರಿಸಿದರು, ಹಾಕಿದರು. ಕಾದು ಆರಿಸಿದರು, ಕಾಯದೆ ಹಾಕಿದರು. ಮನಸ್ಸಿಗೆ ಬಂದಾಗ, ಬಾರದಾಗ, ಮಾತಿನ ಮಧ್ಯೆ, ಸೀನಿನ ಮಧ್ಯೆ ಒತ್ತಿದರು. ಚಿತ್ರಗಳು ನಿಲ್ಲಲಿಲ್ಲ. ಆಮೇಲೆ ಸಾಹೇಬರು ಕೂಡ ಕುರ್ಚಿ ಎಳೆದುಕೊಂಡು ಹತ್ತಿರ ಬಂದು, “ಈಗೊಮ್ಮೆ ಬೇಗ ಎರಡು ಸಲ ಒತ್ತಿ ನೋಡೋಣ,” ಎಂದರು. ಅವರ ಬಾಯಲ್ಲಿ ‘ಈಗ’ ಎಂಬುದು ಕೇಳಿಬಂದದ್ದು ಆ ಆಫೀಸಿನವರಿಗೆ ಹೊಸದು.

“ಸಾಕು, ಸಾಕು, ಸೇರಿಸಿ,” ಎಂದರು ದೊಡ್ಡ ಮೇಡಂ ನಗುತ್ತ.

ಸೊಸೆಗೆ ಆ ಮಾತು ಎರಡನೇ ಸಲ ಹೇಳಿದಾಗಲೇ ಕೇಳಿಸಿದ್ದು. ಅವಳು ಮಾವನ ಕೈಯನ್ನೇ ನೋಡುತ್ತಿದ್ದಳು. ಅದು ಗುಂಡಿಯನ್ನು ಬಿಟ್ಟು, ಯಾರ ಅಪ್ಪಣೆಯನ್ನೂ ಕೇಳದೆ, ದೊಡ್ಡ ಮೇಡಂ ಕುರ್ಚಿಯ ಸಡಿಲವಾದ ಹಿಡಿಯ ಕಡೆಗೆ ಮೆಲ್ಲಗೆ ಹೊರಟಿತ್ತು.